ಧರ್ಮಕೇಂದ್ರ (ಕರಾವಳಿಯ ಕಥೋಲಿಕರಲ್ಲಿ)

ಒಬ್ಬ ವಿಚಾರಣಾ ಗುರುವಿನ ಆಡಳಿತಕ್ಕೆ ಒಳಪಟ್ಟ ಇಗರ್ಜಿ (ಚರ್ಚ್) ಮತ್ತು ಅದರ ಒಕ್ಕಲುಗಳ ಸಮುದಾಯ. ಮಂಗಳೂರು ಧರ್ಮಪ್ರಾಂತ ಹಾಗೂ 2012ರಲ್ಲಿ ಅದರಿಂದ ಬೇರ್ಪಟ್ಟ ಉಡುಪಿ ಧರ್ಮಪ್ರಾಂತಗಳಲ್ಲಿ ಇಂಥ ಕೇಂದ್ರಗಳ ಆಡುಮಾತು ಹೆಚ್ಚಾಗಿ ಕೊಂಕಣಿ, ಲಿಪಿ ಕನ್ನಡ. 1938ರಲ್ಲಿ ಆರಂಭವಾದ 'ರಾಕ್ಣೊ' ವಾರಪತ್ರಿಕೆಯೂ ಇದೇ ಲಿಪಿಯದು.

ವಾರದ ಕೇಂದ್ರ ಭಾನುವಾರದ ಬಲಿಪೂಜೆ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತನಕ ಅದು ಲ್ಯಾಟಿನ್‌ನಲ್ಲಿತ್ತು. ಈಗ ವಾಚನ, ಪ್ರವಚನ, ಗಾಯನವೆಲ್ಲ ಜನರ ಭಾಷೆಯಲ್ಲಿ. ಪೂಜೆಗೆ ಹೊಂದಿಕೊಂಡೇ ಮಕ್ಕಳಿಗೆ ಧರ್ಮೋಪದೇಶದ ತರಗತಿ. ಅಂಗಳದಲ್ಲಿ ಹಿರಿಯರ ಮಾತುಕತೆ, ಮದುವೆ ಸಂಬಂಧಗಳ ವಿಚಾರಣೆಯೂ ಸೇರಿ. ಮಧ್ಯಾಹ್ನದ ಸಣ್ಣಾಂ (ಇಡ್ಲಿಯಂಥ ತಿನಿಸು) ಮತ್ತು ಹಂದಿ ಬಾಫಾತ್ (ಮಸಾಲೆ ಪದಾರ್ಥ) ಯಾವ ವಿಧಿಯಲ್ಲೂ ಇಲ್ಲ, ಆದರೆ ಅದಿಲ್ಲದ ಭಾನುವಾರವನ್ನು ಅನೇಕ ಮನೆಗಳು ಒಪ್ಪವು. ತಪಸ್ಸು ಕಾಲದ (ಲೆಂಟ್) ಶುಕ್ರವಾರಗಳಲ್ಲಿ ಮಾಂಸ ವರ್ಜ್ಯ. ಅಂದು ಶಿಲುಬೆಯ ಹಾದಿಯ ಪ್ರಾರ್ಥನೆ.

ಇಗರ್ಜಿಯಂತೆ ಮನೆಯಲ್ಲೂ ಭಕ್ತಿ ಬೇರೂರಿದೆ. ಸಂಜೆ ಪೀಠದ ದೀಪ ಹಚ್ಚಿ ಕುಟುಂಬವಿಡೀ ತೇರ್ಸ್ (ಜಪಮಾಲೆ) ಹೇಳುತ್ತದೆ. ಮುಗಿದೊಡನೆ ಕಿರಿಯರು ಕೈಮುಗಿದು ಹಿರಿಯರಿಂದ ಒಬ್ಬೊಬ್ಬರಾಗಿ 'ಬೆಸಾಂವ್' (ಆಶೀರ್ವಾದ) ಬೇಡುತ್ತಾರೆ. ದೂರದರ್ಶನದ ಧಾರಾವಾಹಿಗಳು ಈ ವೇಳೆಯನ್ನು ಹಿಂದುಮುಂದು ಮಾಡಿವೆ.

ಧರ್ಮಕೇಂದ್ರವನ್ನು ವಾಳೆಗಳಾಗಿ (ವಾರ್ಡ್‌ಗಳಾಗಿ) ವಿಂಗಡಿಸಿ, ಪ್ರತಿಯೊಂದಕ್ಕೂ ಒಬ್ಬ ಗುರಿಕಾರನನ್ನು ನೇಮಿಸುವುದು ರೂಢಿ. ಸಾವು, ಕಾಯಿಲೆ, ಕಲಹದ ಸುದ್ದಿ ಗುರುಗಳಿಗೆ ಮೊದಲು ತಲುಪುವುದು ಬಹುಮಟ್ಟಿಗೆ ಇವರ ಮೂಲಕ. ಬಡವರ ನೆರವನ್ನು ಹಲವೆಡೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ವಹಿಸುತ್ತದೆ. ಹಣಕಾಸು ಮತ್ತು ಕಾರ್ಯಕ್ರಮಗಳಲ್ಲಿ ಗುರುಗಳಿಗೆ ಸಲಹೆ ನೀಡಲು ಶ್ರೀಸಾಮಾನ್ಯರ ಮಂಡಳಿಗಳಿವೆ.