ವಿ. ಕೆ. ಆರ್. ವಿ. ರಾವ್

ಡಾ. ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ (ಜುಲೈ 8, 1908 – ಜುಲೈ 25, 1991) ಭಾರತದ ಅರ್ಥಶಾಸ್ತ್ರಜ್ಞರು, ಶಿಕ್ಷಣ ತಜ್ಞರು ಹಾಗೂ ಸಂಸದರು. ದೇಶದ ರಾಷ್ಟ್ರೀಯ ವರಮಾನವನ್ನು ವೈಜ್ಞಾನಿಕ ಕ್ರಮದಲ್ಲಿ ಲೆಕ್ಕಹಾಕಿದ ಮೊದಲಿಗರಲ್ಲಿ ಅವರೂ ಒಬ್ಬರು. 1967 ಮತ್ತು 1971ರ ಮಹಾಚುನಾವಣೆಗಳಲ್ಲಿ ಅವರು ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಇಂದಿರಾ ಗಾಂಧಿಯವರ ಸಚಿವ ಸಂಪುಟದಲ್ಲಿ ಮೊದಲು ಸಾರಿಗೆ ಮತ್ತು ನೌಕಾಯಾನ, ಅನಂತರ ಶಿಕ್ಷಣ ಮತ್ತು ಯುವಜನ ಸೇವಾ ಖಾತೆಗಳನ್ನು ನಿರ್ವಹಿಸಿದರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ದೆಹಲಿಯ ಆರ್ಥಿಕ ಬೆಳವಣಿಗೆ ಸಂಸ್ಥೆ ಹಾಗೂ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ (ಐಸೆಕ್) ಅವರು ಸ್ಥಾಪಿಸಿದ ಮೂರು ಪ್ರಮುಖ ವಿದ್ಯಾಸಂಸ್ಥೆಗಳು. 1974ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ನೀಡಿತು.

ಜನನ ಮತ್ತು ಶಿಕ್ಷಣ

ರಾವ್ ಅವರು ಇಂದಿನ ತಮಿಳುನಾಡಿನ ಕಾಂಚೀಪುರದಲ್ಲಿ ಜನಿಸಿದರು. ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದು, ಉನ್ನತ ಶಿಕ್ಷಣಕ್ಕಾಗಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಜಾನ್ ಮೇನಾರ್ಡ್ ಕೇನ್ಸ್ ಅವರ ಚಿಂತನೆಗಳು ಅರ್ಥಶಾಸ್ತ್ರದ ದಿಕ್ಕನ್ನೇ ಬದಲಿಸುತ್ತಿದ್ದ ಕಾಲವದು. 1937ರಲ್ಲಿ ರಾವ್ ಅವರಿಗೆ ಅಲ್ಲಿಯ ಡಾಕ್ಟರೇಟ್ ಪದವಿ ದೊರೆಯಿತು. ಬ್ರಿಟಿಷ್ ಇಂಡಿಯಾದ 1931–32ನೆಯ ಸಾಲಿನ ರಾಷ್ಟ್ರೀಯ ವರಮಾನವೇ ಅವರ ಸಂಶೋಧನೆಯ ವಿಷಯ.

ಅರ್ಥಶಾಸ್ತ್ರಜ್ಞರಾಗಿ

ರಾವ್ ಅವರಿಗಿಂತ ಮೊದಲು ದಾದಾಭಾಯಿ ನವರೋಜಿ ಮೊದಲಾದವರು ಭಾರತದ ವರಮಾನವನ್ನು ಅಂದಾಜು ಮಾಡಿದ್ದರು. ರಾವ್ ಅವರು ಕೃಷಿ ಮೊದಲಾದ ಕ್ಷೇತ್ರಗಳಿಗೆ ಉತ್ಪಾದನೆಯ ಮೌಲ್ಯವನ್ನೂ ವ್ಯಾಪಾರ, ನೌಕರಿ ಮೊದಲಾದ ಕ್ಷೇತ್ರಗಳಿಗೆ ದುಡಿಯುವವರ ಗಳಿಕೆಯನ್ನೂ ಆಧಾರವಾಗಿಟ್ಟುಕೊಂಡು ಎರಡು ವಿಧಾನಗಳನ್ನು ಜೋಡಿಸಿದರು. ಈ ಲೆಕ್ಕದಂತೆ 1931–32ರಲ್ಲಿ ತಲಾ ವಾರ್ಷಿಕ ವರಮಾನ ಸುಮಾರು 62 ರೂಪಾಯಿ. ಸ್ವಾತಂತ್ರ್ಯಾನಂತರ 1949ರಲ್ಲಿ ಪಿ. ಸಿ. ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ರಾಷ್ಟ್ರೀಯ ವರಮಾನ ಸಮಿತಿಯಲ್ಲಿ ಡಿ. ಆರ್. ಗಾಡ್ಗೀಳ್ ಅವರೊಂದಿಗೆ ರಾವ್ ಅವರೂ ಸದಸ್ಯರಾಗಿದ್ದರು.

ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿ 1949ರಲ್ಲಿ ಅವರು ಮಹತ್ವದ ಸಲಹೆಯೊಂದನ್ನು ಮುಂದಿಟ್ಟರು. ಬಡ ರಾಷ್ಟ್ರಗಳಿಗೆ ಸುಲಭ ಷರತ್ತಿನ ಮೇಲೆ ಬಂಡವಾಳ ಒದಗಿಸುವ ಅಂತರರಾಷ್ಟ್ರೀಯ ವ್ಯವಸ್ಥೆಯೊಂದು ಬೇಕೆಂಬುದು ಅದರ ಸಾರ. ಶ್ರೀಮಂತ ರಾಷ್ಟ್ರಗಳು ಆಗ ಅದನ್ನು ಒಪ್ಪಲಿಲ್ಲ. ಆದರೆ ಅಲ್ಲಿಂದ ಆರಂಭವಾದ ಚರ್ಚೆ ಮುಂದುವರಿದು, 1960ರಲ್ಲಿ ವಿಶ್ವಬ್ಯಾಂಕಿನ ಅಂಗವಾಗಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ ಸ್ಥಾಪನೆಯಾಯಿತು.

1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು 1958ರಲ್ಲಿ ಆರ್ಥಿಕ ಬೆಳವಣಿಗೆ ಸಂಸ್ಥೆ ಅವರ ಪ್ರಯತ್ನದಿಂದ ರೂಪುಗೊಂಡವು. 1957ರಿಂದ 1960ರವರೆಗೆ ಅವರು ದೆಹಲಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1963ರಿಂದ 1966ರವರೆಗೆ ಯೋಜನಾ ಆಯೋಗದ ಸದಸ್ಯರಾಗಿ ಸೇವೆ ಸಲ್ಲಿಸಿದರು.

ಬಳ್ಳಾರಿ ಕ್ಷೇತ್ರದ ಪ್ರತಿನಿಧಿ

1952ರಿಂದ 1967ರವರೆಗೆ ಟೇಕೂರು ಸುಬ್ರಹ್ಮಣ್ಯಂ ಅವರು ಬಳ್ಳಾರಿಯನ್ನು ಸತತ ಮೂರು ಅವಧಿಗೆ ಲೋಕಸಭೆಯಲ್ಲಿ ಪ್ರತಿನಿಧಿಸಿದ್ದರು. 1967ರ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ರಾವ್ ಅವರು ಗೆದ್ದರು. ಅಲ್ಲಿಯವರೆಗೆ ಅವರ ಜೀವನದ ಬಹುಭಾಗ ದೆಹಲಿಯ ವಿದ್ಯಾಸಂಸ್ಥೆಗಳಲ್ಲಿ ಕಳೆದಿತ್ತು.

ಅವರನ್ನು ಆರಿಸಿದ ಜಿಲ್ಲೆಯ ಹಿನ್ನೆಲೆ ವಿಶಿಷ್ಟವಾದುದು. ಬಳ್ಳಾರಿ ಮೊದಲು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1876–78ರ ಮಹಾಕ್ಷಾಮದಲ್ಲಿ ತೀವ್ರವಾಗಿ ನಲುಗಿದ ಜಿಲ್ಲೆಗಳಲ್ಲಿ ಇದೂ ಒಂದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಸೇರಿದಂತೆ ಉಳಿದ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಬಳ್ಳಾರಿ ತಾಲ್ಲೂಕಿನ ಬಗ್ಗೆ ವಿವಾದ ಉಂಟಾದುದರಿಂದ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವಿಚಾರಣೆಯ ನಂತರವೇ ಅದು ಇತ್ಯರ್ಥವಾಯಿತು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರಾ ಯೋಜನೆಯ ಕಾರಣ ನೀಡಿ ಬಳ್ಳಾರಿ, ಸಿರುಗುಪ್ಪ ಮತ್ತು ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡುವಂತೆ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಅದನ್ನು ಅಂಗೀಕರಿಸಲಿಲ್ಲ.

ಹೀಗೆ ಕನ್ನಡ ಮತ್ತು ತೆಲುಗು ಎರಡೂ ಬಳಕೆಯಲ್ಲಿರುವ, ಒಂದೆಡೆ ಕಾಲುವೆ ನೀರಿನ ಭತ್ತದ ಗದ್ದೆಗಳೂ ಇನ್ನೊಂದೆಡೆ ಮಳೆಯನ್ನೇ ನಂಬಿದ ಕಪ್ಪು ಮಣ್ಣಿನ ಹೊಲಗಳೂ ಇರುವ ಪ್ರದೇಶವನ್ನು ರಾವ್ ಅವರು ಪ್ರತಿನಿಧಿಸಬೇಕಾಯಿತು.

ಸಚಿವರಾಗಿ

ಮೊದಲ ಬಾರಿಗೆ ಲೋಕಸಭೆ ಪ್ರವೇಶಿಸಿದ ವರ್ಷವೇ, ಅಂದರೆ 1967ರ ಮಾರ್ಚ್‌ನಲ್ಲಿ, ರಾವ್ ಅವರು ಸಾರಿಗೆ ಮತ್ತು ನೌಕಾಯಾನ ಸಚಿವರಾದರು. 1969ರ ಫೆಬ್ರವರಿಯಲ್ಲಿ ತ್ರಿಗುಣ ಸೇನ್ ಅವರ ನಂತರ ಶಿಕ್ಷಣ ಮತ್ತು ಯುವಜನ ಸೇವಾ ಖಾತೆಯನ್ನು ವಹಿಸಿಕೊಂಡು 1971ರ ಮಾರ್ಚ್‌ವರೆಗೆ ನಿರ್ವಹಿಸಿದರು.

ಶಿಕ್ಷಣ ಆಗ ಸಂವಿಧಾನದ ರಾಜ್ಯ ಪಟ್ಟಿಯಲ್ಲಿದ್ದ ವಿಷಯ. ಶಾಲೆಗಳ ಮೇಲೆ ಕೇಂದ್ರ ಸಚಿವರಿಗೆ ನೇರ ಅಧಿಕಾರವಿರಲಿಲ್ಲ. ಆದ್ದರಿಂದ ಅವರ ಕಾಲದ ಸಾಧನೆಗಳು ಹೆಚ್ಚಾಗಿ ರಾಷ್ಟ್ರಮಟ್ಟದ ಸಂಸ್ಥೆ ಮತ್ತು ಯೋಜನೆಗಳ ರೂಪದಲ್ಲಿ ಕಾಣಿಸುತ್ತವೆ. ಅವುಗಳಲ್ಲಿ ಮುಖ್ಯವಾದುವು:

• ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್): ಗಾಂಧೀಜಿಯವರ ಜನ್ಮ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ರಾವ್ ಅವರು ಇದಕ್ಕೆ ಚಾಲನೆ ನೀಡಿದರು. ಆ ದಿನವನ್ನು ಇಂದಿಗೂ ಎನ್‌ಎಸ್‌ಎಸ್ ದಿನವನ್ನಾಗಿ ಆಚರಿಸಲಾಗುತ್ತದೆ.
• ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು: 1969ರಲ್ಲಿ ಸ್ಥಾಪನೆಯಾಯಿತು.
• ಭಾರತೀಯ ಭಾಷಾ ಸಂಸ್ಥಾನ, ಮೈಸೂರು: 1969ರ ಜುಲೈ 17ರಂದು ಆರಂಭವಾಯಿತು.
• ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ: 1966ರ ಕಾಯ್ದೆಯನ್ವಯ 1969ರಲ್ಲಿ ಅಸ್ತಿತ್ವಕ್ಕೆ ಬಂದಿತು.

1969ರ ಕಾಂಗ್ರೆಸ್ ವಿಭಜನೆ

ರಾವ್ ಅವರ ರಾಜಕೀಯ ಜೀವನದ ನಿರ್ಣಾಯಕ ಘಟ್ಟ 1969ರಲ್ಲಿ ಬಂದಿತು. ಬ್ಯಾಂಕುಗಳ ರಾಷ್ಟ್ರೀಕರಣ ಮತ್ತು ರಾಷ್ಟ್ರಪತಿ ಚುನಾವಣೆಯ ಪ್ರಶ್ನೆಗಳಲ್ಲಿ ಪ್ರಧಾನಿ ಇಂದಿರಾ ಗಾಂಧಿ ಮತ್ತು ಪಕ್ಷದ ಹಿರಿಯ ನಾಯಕರ ನಡುವೆ ಬಿರುಕು ಬೆಳೆಯಿತು. ಪಕ್ಷದ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪ ಅವರು ನವೆಂಬರ್ 12ರಂದು ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು. ಕಾಂಗ್ರೆಸ್ ಎರಡಾಯಿತು. ಪ್ರಧಾನಿಯವರ ಬಣಕ್ಕೆ ಆಡಳಿತ ಕಾಂಗ್ರೆಸ್ ಎಂದೂ ಹಿರಿಯರ ಬಣಕ್ಕೆ ಸಂಸ್ಥಾ ಕಾಂಗ್ರೆಸ್ ಎಂದೂ ಹೆಸರಾಯಿತು.

ಮೈಸೂರು ರಾಜ್ಯದ ಸಂಸದರಿಗೆ ಇದು ಸುಲಭದ ಆಯ್ಕೆಯಾಗಿರಲಿಲ್ಲ. ನಿಜಲಿಂಗಪ್ಪ ಅವರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು, ಹುಟ್ಟಿದ್ದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹಲುವಾಗಲಿನಲ್ಲಿ. ಅಂದಿನ ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ರಾಜ್ಯ ಸರ್ಕಾರವೂ ಸಂಸ್ಥಾ ಕಾಂಗ್ರೆಸ್ಸಿನ ಕಡೆಗಿದ್ದವು. ಪಕ್ಷಾಂತರ ನಿಷೇಧ ಕಾನೂನು ಬಂದದ್ದು 1985ರಲ್ಲಿ. ಅದಕ್ಕೆ ಮುಂಚೆ ಯಾವ ಬಣದಲ್ಲಿ ನಿಲ್ಲಬೇಕೆಂಬುದು ಸಂಸದನ ಸ್ವಂತ ವಿವೇಚನೆಗೆ ಬಿಟ್ಟ ವಿಷಯವಾಗಿದ್ದು, ಅದರಿಂದ ಸದಸ್ಯತ್ವ ಹೋಗುತ್ತಿರಲಿಲ್ಲ. ಆದರೆ ಮುಂದಿನ ಚುನಾವಣೆಯಲ್ಲಿ ಕ್ಷೇತ್ರವೇ ಕೈತಪ್ಪುವ ಸಾಧ್ಯತೆಯಿತ್ತು. ರಾವ್ ಅವರು ಪ್ರಧಾನಿಯವರ ಸಂಪುಟದಲ್ಲಿಯೇ ಉಳಿದರು.

1971ರ ಮಧ್ಯಂತರ ಚುನಾವಣೆಯಲ್ಲಿ ಅವರು ಆಡಳಿತ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಬಳ್ಳಾರಿಯಿಂದ ಪುನರಾಯ್ಕೆಗೊಂಡರು. ರಾಜ್ಯದ 27 ಲೋಕಸಭಾ ಸ್ಥಾನಗಳನ್ನೂ ಆ ಪಕ್ಷವೇ ಗೆದ್ದಿತು. ಫಲಿತಾಂಶದ ಬೆನ್ನಲ್ಲೇ ವೀರೇಂದ್ರ ಪಾಟೀಲರ ಸರ್ಕಾರ ಪತನವಾಯಿತು. ಗೆದ್ದರೂ ಹೊಸ ಸಂಪುಟದಲ್ಲಿ ರಾವ್ ಅವರಿಗೆ ಸ್ಥಾನ ದೊರೆಯಲಿಲ್ಲ. ಶಿಕ್ಷಣ ಖಾತೆ ಸಿದ್ಧಾರ್ಥ ಶಂಕರ ರಾಯ್ ಅವರ ಪಾಲಾಯಿತು.

ಸಂಸತ್ತಿನ ಮತದಾನ ಮತ್ತು ರಾಷ್ಟ್ರೀಯ ವಿಷಯಗಳು

ಲೋಕಸಭೆಯಲ್ಲಿ ಹೆಚ್ಚಿನ ನಿರ್ಣಯಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಆಗ ಯಾವ ಸದಸ್ಯರು ಯಾವ ಕಡೆಗಿದ್ದರೆಂಬುದು ದಾಖಲಾಗುವುದಿಲ್ಲ. ಸದಸ್ಯರು ಮತವಿಭಜನೆ ಕೇಳಿದಾಗ ಅಥವಾ ಸಂವಿಧಾನ ತಿದ್ದುಪಡಿಯಂಥ ಸಂದರ್ಭಗಳಲ್ಲಿ ಮಾತ್ರ ಪರ ಮತ್ತು ವಿರುದ್ಧ ಮತ ಹಾಕಿದವರ ಹೆಸರುಗಳು ಕಲಾಪದ ವರದಿಯಲ್ಲಿ ಅಚ್ಚಾಗುತ್ತವೆ. ಸಂವಿಧಾನದ 75(3)ನೆಯ ವಿಧಿಯಂತೆ ಸಚಿವ ಸಂಪುಟ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಸಂಪುಟದ ತೀರ್ಮಾನವನ್ನು ಒಪ್ಪದ ಸಚಿವರಿಗೆ ರಾಜೀನಾಮೆಯೇ ದಾರಿ. ಆದುದರಿಂದ 1967ರಿಂದ 1971ರವರೆಗಿನ ಸರ್ಕಾರದ ಪ್ರಮುಖ ಮಸೂದೆಗಳ ಹೊಣೆ ರಾವ್ ಅವರಿಗೂ ಸೇರುತ್ತದೆ. ಅವುಗಳಲ್ಲಿ ಮುಖ್ಯವಾದುವು ಎರಡು.

ಬ್ಯಾಂಕುಗಳ ರಾಷ್ಟ್ರೀಕರಣ: 1969ರ ಜುಲೈ 19ರಂದು ಸುಗ್ರೀವಾಜ್ಞೆಯ ಮೂಲಕ 14 ದೊಡ್ಡ ಬ್ಯಾಂಕುಗಳನ್ನು ಸರ್ಕಾರ ತನ್ನ ವಶಕ್ಕೆ ಪಡೆಯಿತು. ಕರಾವಳಿ ಕನ್ನಡ ನಾಡಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಇವುಗಳಲ್ಲಿ ಸೇರಿದ್ದವು. 1970ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾಯ್ದೆಯನ್ನು ರದ್ದುಗೊಳಿಸಿದಾಗ ಸರ್ಕಾರ ಹೊಸ ಕಾಯ್ದೆಯನ್ನು ತಂದಿತು.

ರಾಜಧನ ರದ್ದತಿ: ಮಾಜಿ ಸಂಸ್ಥಾನಿಕರ ರಾಜಧನ ಮತ್ತು ವಿಶೇಷ ಹಕ್ಕುಗಳನ್ನು ರದ್ದುಪಡಿಸುವ ಮಸೂದೆ 1970ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾದರೂ, ರಾಜ್ಯಸಭೆಯಲ್ಲಿ ಮೂರನೆಯ ಎರಡರಷ್ಟು ಬಹುಮತಕ್ಕೆ ಒಂದು ಮತಕ್ಕಿಂತಲೂ ಕಡಿಮೆ ಅಂತರದಲ್ಲಿ ಬಿದ್ದುಹೋಯಿತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯ ಮೂಲಕ ಅದು ಜಾರಿಗೆ ಬಂದಿತು. ಬಳ್ಳಾರಿ ಜಿಲ್ಲೆಯಲ್ಲಿಯೇ ಸಂಡೂರು ಎಂಬ ಹಿಂದಿನ ಸಂಸ್ಥಾನವಿದ್ದುದರಿಂದ ಇದು ಜಿಲ್ಲೆಯ ಜನರಿಗೆ ದೂರದ ಸಂಗತಿಯಾಗಿರಲಿಲ್ಲ.

ಐದನೆಯ ಲೋಕಸಭೆಯ ಅವಧಿಯನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಂಸತ್ತು ವಿಸ್ತರಿಸಿತು. 1977ರ ಜನವರಿ 18ರಂದು ಸಭೆ ವಿಸರ್ಜನೆಯಾಗಿ, ಮಾರ್ಚ್‌ನಲ್ಲಿ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೆ. ಎಸ್. ವೀರಭದ್ರಪ್ಪ ಅವರು ಬಳ್ಳಾರಿಯ ಸಂಸದರಾದರು.

ಆರ್ಥಿಕ ಮತ್ತು ಸಾಮಾಜಿಕ ನಿಲುವುಗಳು

ಪಶ್ಚಿಮದ ಸಿದ್ಧಾಂತಗಳನ್ನು ಭಾರತಕ್ಕೆ ಇದ್ದಂತೆಯೇ ಅನ್ವಯಿಸಲಾಗದೆಂಬುದು ರಾವ್ ಅವರ ದೃಢವಾದ ನಿಲುವು. ಸರ್ಕಾರ ಹೂಡುವ ಹಣ ಕೈಯಿಂದ ಕೈಗೆ ಹರಿದು ಉತ್ಪಾದನೆಯನ್ನೂ ಉದ್ಯೋಗವನ್ನೂ ಹಲವು ಪಟ್ಟು ಹೆಚ್ಚಿಸುತ್ತದೆಂಬುದು ಕೇನ್ಸ್ ಅವರ ಗುಣಕ ಸಿದ್ಧಾಂತ. 1952ರ ತಮ್ಮ ಪ್ರಸಿದ್ಧ ಲೇಖನದಲ್ಲಿ ರಾವ್ ಅವರು ಇದು ಕೈಗಾರಿಕಾ ರಾಷ್ಟ್ರಗಳಿಗೆ ಒಪ್ಪುವ ಮಾತೆಂದು ತೋರಿಸಿದರು. ಕೃಷಿಪ್ರಧಾನ ಬಡ ದೇಶದಲ್ಲಿ ಬೇಡಿಕೆ ಏರಿದ ಮಾತ್ರಕ್ಕೆ ಬೆಳೆ ಹೆಚ್ಚುವುದಿಲ್ಲ. ನೀರು, ಬೀಜ, ಸಲಕರಣೆಗಳು ಇಲ್ಲದಿದ್ದಲ್ಲಿ ಹೆಚ್ಚುವುದು ಬೆಲೆ ಮಾತ್ರ ಎಂಬುದು ಅವರ ವಾದದ ತಿರುಳು. ಸಿರುಗುಪ್ಪದ ನೀರಾವರಿ ಭೂಮಿಗೂ ಬಳ್ಳಾರಿಯ ಮಳೆಯಾಶ್ರಿತ ಹೊಲಗಳಿಗೂ ಇರುವ ಅಂತರವನ್ನು ಬಲ್ಲವರಿಗೆ ಈ ವಾದ ಸುಲಭವಾಗಿ ಅರ್ಥವಾಗುತ್ತದೆ.

ಅವರು ತಮ್ಮನ್ನು ಸಮಾಜವಾದಿಯೆಂದೇ ಭಾವಿಸಿದ್ದರು. ಆದರೆ ಅವರ ಸಮಾಜವಾದಕ್ಕೆ ಗಾಂಧೀಜಿ ಮತ್ತು ಸ್ವಾಮಿ ವಿವೇಕಾನಂದರ ಚಿಂತನೆಗಳು ಆಧಾರವಾಗಿದ್ದವು. ಶಿಕ್ಷಣಕ್ಕೆ ಮಾಡುವ ವೆಚ್ಚವನ್ನು ಅವರು ದೇಶದ ಬಂಡವಾಳ ಹೂಡಿಕೆಯೆಂದೇ ಪರಿಗಣಿಸುತ್ತಿದ್ದರು.

ನಂತರದ ಜೀವನ

1972ರಲ್ಲಿ ಸಂಸದರಾಗಿರುವಾಗಲೇ ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆಯನ್ನು ಸ್ಥಾಪಿಸಿ 1977ರವರೆಗೆ ಅದರ ನಿರ್ದೇಶಕರಾಗಿದ್ದರು. ನಾಗರಭಾವಿಯಲ್ಲಿರುವ ಆ ಸಂಸ್ಥೆಯ ಗ್ರಂಥಾಲಯಕ್ಕೆ ಅವರ ಹೆಸರಿಡಲಾಗಿದೆ. ರಾವ್ ಅವರು 1991ರ ಜುಲೈ 25ರಂದು ನಿಧನರಾದರು. ಅದರ ಹಿಂದಿನ ದಿನವಷ್ಟೇ, ಒಂದು ಕಾಲದಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಮನಮೋಹನ್ ಸಿಂಗ್ ಅವರು ಆರ್ಥಿಕ ಸುಧಾರಣೆಯ ಮುಂಗಡಪತ್ರವನ್ನು ಮಂಡಿಸಿದ್ದರು.

ಇಂದಿನ ಕ್ಷೇತ್ರ

2008ರ ಕ್ಷೇತ್ರ ಪುನರ್ವಿಂಗಡಣೆಯಿಂದ ಬಳ್ಳಾರಿ ಲೋಕಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ಕುರುಗೋಡು ವಿಧಾನಸಭಾ ಕ್ಷೇತ್ರ ರದ್ದಾಯಿತು. ಸಿರುಗುಪ್ಪ ವಿಧಾನಸಭಾ ಕ್ಷೇತ್ರ ಬಳ್ಳಾರಿ ಜಿಲ್ಲೆಯಲ್ಲಿದ್ದರೂ ಲೋಕಸಭೆಯ ಮಟ್ಟಿಗೆ ಕೊಪ್ಪಳಕ್ಕೆ ಸೇರಿದೆ. 1971ರ ಕ್ಷೇತ್ರವನ್ನು ಇಂದಿನ ಕ್ಷೇತ್ರದೊಂದಿಗೆ ಹೋಲಿಸುವಾಗ ಈ ಬದಲಾವಣೆಗಳನ್ನು ಗಮನದಲ್ಲಿಡಬೇಕಾಗುತ್ತದೆ.

ಪ್ರಮುಖ ಕೃತಿಗಳು

ಇವೆಲ್ಲವೂ ಇಂಗ್ಲಿಷಿನಲ್ಲಿವೆ.

• ದಿ ನ್ಯಾಷನಲ್ ಇನ್‌ಕಮ್ ಆಫ್ ಬ್ರಿಟಿಷ್ ಇಂಡಿಯಾ, 1931–32 (1940)
• ಎಜುಕೇಷನ್ ಅಂಡ್ ಹ್ಯೂಮನ್ ರಿಸೋರ್ಸ್ ಡೆವಲಪ್‌ಮೆಂಟ್ (1966)
• ದಿ ಗಾಂಧಿಯನ್ ಆಲ್ಟರ್ನೇಟಿವ್ ಟು ವೆಸ್ಟರ್ನ್ ಸೋಷಲಿಸಂ (1970)
• ಸ್ವಾಮಿ ವಿವೇಕಾನಂದ: ದಿ ಪ್ರಾಫೆಟ್ ಆಫ್ ವೇದಾಂತಿಕ್ ಸೋಷಲಿಸಂ (1979)
• ಇಂಡಿಯಾಸ್ ನ್ಯಾಷನಲ್ ಇನ್‌ಕಮ್, 1950–1980 (1983)