ರಾಜ್ಯ ವನ್ಯಜೀವಿ ಮಂಡಳಿಯ ಪುನರ್ರಚನೆ ಮತ್ತು ಆಯವ್ಯಯದ ಮೇಲೆ ಅದರ ಪರಿಣಾಮ: ಸೊರಬ ತಾಲ್ಲೂಕಿನ ಸಾರ್ವಜನಿಕರಿಗೆ ಮಾಹಿತಿ

ರಾಜ್ಯ ವನ್ಯಜೀವಿ ಮಂಡಳಿಯು ಪುನರ್ರಚನೆಯಾಗುವವರೆಗೆ ಬೆಳೆಹಾನಿ ಪರಿಹಾರದ ಅರ್ಜಿಗಳು ಇತ್ಯರ್ಥವಾಗುವುದಿಲ್ಲವೇ ಎಂಬ ಸಂದೇಹ ಅರ್ಜಿದಾರರಲ್ಲಿ ಉಂಟಾಗುವುದು ಸಹಜ. ಈ ಬಗ್ಗೆ ಸ್ಪಷ್ಟ ಮಾಹಿತಿಯನ್ನು ಕೆಳಗೆ ನೀಡಲಾಗಿದೆ.

1. ಮಂಡಳಿಯ ಸ್ವರೂಪ
ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 6ನೇ ಪ್ರಕರಣದ ಮೇರೆಗೆ ಮಂಡಳಿಯು ರಚನೆಯಾಗುತ್ತದೆ. ಮುಖ್ಯಮಂತ್ರಿಯವರು ಅಧ್ಯಕ್ಷರು, ಅರಣ್ಯ ಸಚಿವರು ಉಪಾಧ್ಯಕ್ಷರು. ಶಾಸಕರು, ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳು ಹಾಗೂ ತಜ್ಞರು ಸದಸ್ಯರಾಗಿರುತ್ತಾರೆ. ಪದನಿಮಿತ್ತ ಸದಸ್ಯರನ್ನುಳಿದು ಇತರರ ಅವಧಿ ಮುಗಿದಾಗ ಪುನರ್ರಚನೆ ಆಗುತ್ತದೆ. ಮಂಡಳಿಯು ವರ್ಷಕ್ಕೆ ಕನಿಷ್ಠ 2 ಬಾರಿ ಸಭೆ ಸೇರತಕ್ಕದ್ದು.

2. ಆಯವ್ಯಯದ ಮೇಲಿನ ಪರಿಣಾಮ
ಮಂಡಳಿಯು ಸಲಹಾ ಸಂಸ್ಥೆಯಾಗಿದ್ದು, ಪರಿಹಾರ ಧನವನ್ನು ಮಂಜೂರು ಮಾಡುವ ಪ್ರಾಧಿಕಾರವಲ್ಲ. ಪುನರ್ರಚನೆಯಿಂದ ನೇರವಾಗಿ ಉಂಟಾಗುವ ವೆಚ್ಚವು ಮುಖ್ಯವಾಗಿ ಸದಸ್ಯರ ಭತ್ಯೆ ಹಾಗೂ ಸಭೆಗಳ ಖರ್ಚಿಗೆ ಸೀಮಿತ. ಆದರೆ ಸಂರಕ್ಷಿತ ಪ್ರದೇಶಗಳ ಆಯ್ಕೆ ಮತ್ತು ನಿರ್ವಹಣೆಯ ಬಗ್ಗೆ ಮಂಡಳಿಯು ನೀಡುವ ಸಲಹೆಯನ್ನು ಸರ್ಕಾರವು ಅಂಗೀಕರಿಸಿದಲ್ಲಿ, ಕಾವಲು, ಬೇಲಿ, ಕೆರೆ ನಿರ್ವಹಣೆ ಮುಂತಾದ ಬಾಬುಗಳಲ್ಲಿ ನಂತರದ ವರ್ಷಗಳ ವೆಚ್ಚ ಹೆಚ್ಚಬಹುದು.

3. ಹಣ ಬರುವ ಮಾರ್ಗ
ಅರಣ್ಯ ಇಲಾಖೆಯ ಅನುದಾನ ಬೇಡಿಕೆಗೆ ವಿಧಾನಸಭೆಯು ಪ್ರತಿವರ್ಷ ಒಪ್ಪಿಗೆ ನೀಡಬೇಕು. ಧನವಿನಿಯೋಗ ಕಾಯ್ದೆಯಿಲ್ಲದೆ ಸಂಚಿತ ನಿಧಿಯಿಂದ ಹಣ ತೆಗೆಯಲು ಸಂವಿಧಾನದಲ್ಲಿ ಅವಕಾಶವಿಲ್ಲ. ಆರ್ಥಿಕ ವರ್ಷವು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಇರುತ್ತದೆ. ಖರ್ಚಾಗದೆ ಉಳಿದ ಅನುದಾನವು ವರ್ಷಾಂತ್ಯಕ್ಕೆ ವ್ಯಪಗತವಾಗುತ್ತದೆ; ಅನುದಾನ ಸಾಲದಿದ್ದಲ್ಲಿ ಪೂರಕ ಅಂದಾಜಿನ ಮೂಲಕ ಹೆಚ್ಚುವರಿ ಹಣವನ್ನು ಕೋರಲಾಗುತ್ತದೆ. ಆದ್ದರಿಂದ ಅರ್ಜಿದಾರರಿಗೆ ಮುಖ್ಯವಾದುದು ಮಂಡಳಿಯ ಅವಧಿಯಲ್ಲ, ವಾರ್ಷಿಕ ಅನುದಾನ.

4. ಗುಡವಿ ಪಕ್ಷಿಧಾಮ
ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದ ವಿಸ್ತೀರ್ಣವು 1 ಚದರ ಕಿಲೋಮೀಟರಿಗಿಂತ ಕಡಿಮೆ. ಮಳೆಗಾಲದಲ್ಲಿ ಇಲ್ಲಿನ ಕೆರೆಯ ಮರಗಳಲ್ಲಿ ಗೂಡುಕಟ್ಟುವ ಬಿಳಿ ಕೆಂಬರಲು ಮುಂತಾದ ಹಕ್ಕಿಗಳು ಸುತ್ತಲಿನ ಗದ್ದೆ ಹಾಗೂ ಕೆರೆಗಳಲ್ಲಿ ಆಹಾರ ಹುಡುಕುತ್ತವೆ. ಹೀಗಾಗಿ ಪಕ್ಷಿಧಾಮದ ಹಿತವು ನೆರೆಯ ರೈತರ ಸಹಕಾರವನ್ನು ಅವಲಂಬಿಸಿದೆ. ಪಕ್ಷಿಧಾಮದ ಗಡಿಯನ್ನು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಇಲ್ಲದೆ ಬದಲಾಯಿಸುವಂತಿಲ್ಲ.

5. ಅರ್ಜಿದಾರರು ಅನುಸರಿಸಬೇಕಾದ ಕ್ರಮ
ಕಾಡುಪ್ರಾಣಿಗಳಿಂದ ಭತ್ತ, ಮೆಕ್ಕೆಜೋಳ, ಅಡಿಕೆ ಮುಂತಾದ ಬೆಳೆಗಳಿಗೆ ಹಾನಿಯಾದಲ್ಲಿ:
(ಅ) ವಿಳಂಬ ಮಾಡದೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಸಲ್ಲಿಸುವುದು.
(ಆ) ಪಹಣಿ, ಬ್ಯಾಂಕ್ ಖಾತೆಯ ವಿವರ ಹಾಗೂ ಹಾನಿಯ ಛಾಯಾಚಿತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು.
(ಇ) ಸ್ಥಳ ಪರಿಶೀಲನೆ ಹಾಗೂ ಮಹಜರು ಮುಗಿಯುವವರೆಗೆ ಹಾನಿಯ ಕುರುಹುಗಳನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸುವುದು.
(ಈ) ದಿನಾಂಕ ನಮೂದಿಸಿದ ಸ್ವೀಕೃತಿಯನ್ನು ತಪ್ಪದೆ ಪಡೆಯುವುದು.

ಅನುದಾನದ ಕೊರತೆಯಿಂದ ಪಾವತಿ ತಡವಾದರೂ, ಅರ್ಜಿ ಸಲ್ಲಿಸಿದ ದಿನಕ್ಕೆ ಸ್ವೀಕೃತಿಯೇ ಆಧಾರ. ಬಾಕಿ ಇರುವ ಅರ್ಜಿಗಳ ಲೆಕ್ಕವು ಮುಂದಿನ ಅಂದಾಜು ತಯಾರಿಕೆಗೂ ನೆರವಾಗುತ್ತದೆ. ದಾಖಲಾಗದ ಹಾನಿಯು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಅರ್ಜಿಯ ಸ್ಥಿತಿಗತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿಯೂ ಕೋರಬಹುದು. ಇದಕ್ಕೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸತಕ್ಕದ್ದು.

ಮಂಡಳಿಯ ಪುನರ್ರಚನೆಗಾಗಿ ಕಾಯದೆ ಅರ್ಜಿ ಸಲ್ಲಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.