ಮುಂಗಾರಿ, ಹಿಂಗಾರಿ

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ಮಳೆಗಷ್ಟೇ ಅಲ್ಲ, ಹೊಲಕ್ಕೂ ಬೆಳೆಗೂ ಈ ಹೆಸರುಂಟು: 'ಅದು ಹಿಂಗಾರಿ ಹೊಲ.' ಮುನ್ + ಕಾರ್, ಹಿನ್ + ಕಾರ್. ಸಂಧಿಯಲ್ಲಿ ಕಕಾರ ಗಕಾರವಾಗಿದೆ. ಕಾರ್ ಎಂದರೆ ಕಪ್ಪು, ಕರಿಮೋಡ, ಮಳೆಗಾಲ. ಎತ್ತುಗಳಿಗೆ ಬಣ್ಣ ಬಳಿದು ಓಡಿಸುವ ಕಾರಹುಣ್ಣಿಮೆಯಲ್ಲೂ ಇರುವುದು ಇದೇ ಕಾರು.

ಮುಂಗಾರಿ ಶುರುವಾಗುವ ಜೂನಿನಲ್ಲಿ ಅರಬ್ಬಿ ಸಮುದ್ರದಿಂದ ಬರುವ ನೈರುತ್ಯ ಗಾಳಿ ಸಹ್ಯಾದ್ರಿ ಏರುತ್ತಾ ತಣಿದು ನೀರು ಸುರಿಸುತ್ತದೆ. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು. ಬೆಟ್ಟ ಇಳಿದು ಯಾದಗಿರಿ ಮುಟ್ಟುವಾಗ ಅದು ಒಣಗಾಳಿ. ಇದು ಮಳೆನೆರಳಿನ ನಾಡು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡಕ್ಕೆ ಮೋಡ ತಡೆಯುವಷ್ಟು ಎತ್ತರವಿಲ್ಲ, ಪಾಪ! ಹಾಗಾಗಿ ಇಲ್ಲಿನವರ ಕಣ್ಣು ಹಿಂಗಾರಿಯತ್ತ, ಸೆಪ್ಟೆಂಬರಿನತ್ತ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದತ್ತ. ಆ ಹಸಿಯನ್ನು ಎರೆಭೂಮಿ ಹಿಡಿದಿಟ್ಟುಕೊಂಡರೆ ಬಿಳಿಜೋಳ ಚಳಿಗಾಲದ ಇಬ್ಬನಿಯಲ್ಲೇ ತೆನೆಗಟ್ಟುತ್ತದೆ.

ಈ ಮಳೆಗಾಳಿಯ ಇಂಗ್ಲಿಷ್ ಹೆಸರು 'ಮಾನ್ಸೂನ್' ದೂರದಿಂದ ಬಂದ ನೆಂಟ. ಋತು ಎಂಬರ್ಥದ ಅರಬ್ಬಿ 'ಮೌಸಿಮ್' ಪೋರ್ಚುಗೀಸ್ ನಾವಿಕರ ಬಾಯಲ್ಲಿ ತಿರುಗಿ ಇಂಗ್ಲಿಷಿಗೆ ಹೋಯಿತು. ಅದರ ಒಡಹುಟ್ಟಾದ 'ಮೌಸಮ್' ಹಡಗು ಹತ್ತದೆ, ದಖನಿ ಉರ್ದುವಿನ ಜೊತೆ ಯಾದಗಿರಿಯ ಸಂತೆಯಲ್ಲೇ ಉಳಿದಿದೆ.